ಭೂಮಿಯನ್ನು ಅಳೆಯೋಕೆ ಜೊತೆಗಾರರು ಬೇಕಾ? ನಿಸಾರ್ ಉಪಗ್ರಹದ ಬಗ್ಗೆ ಪರ-ವಿರೋಧ

2025ರ ಜುಲೈ 30ರ ಸಂಜೆ ಶ್ರೀಹರಿಕೋಟಾದಿಂದ ಜಿಎಸ್‌ಎಲ್‌ವಿ-ಎಫ್16 ರಾಕೆಟ್ ನಿಸಾರ್ ಉಪಗ್ರಹವನ್ನು ಹೊತ್ತು ಮೇಲೇರಿತು. ನಾಸಾ ಮತ್ತು ಇಸ್ರೋ ಜೊತೆಗೂಡಿ ಮಾಡಿದ ರೇಡಾರ್ ಉಪಗ್ರಹ ಇದು. ಉದ್ದ ಅಲೆಯ ಎಲ್ ಬ್ಯಾಂಡ್ ರೇಡಾರ್ ನಾಸಾದ್ದು. ಚಿಕ್ಕ ಅಲೆಯ ಎಸ್ ಬ್ಯಾಂಡ್ ರೇಡಾರ್ ಇಸ್ರೋದ ಅಹಮದಾಬಾದ್ ಕೇಂದ್ರದ್ದು. ಎರಡನ್ನೂ ಜೋಡಿಸಿ ಉಪಗ್ರಹ ಸಿದ್ಧ ಮಾಡಿದ್ದು ಬೆಂಗಳೂರಿನಲ್ಲಿ. ಅಮೆರಿಕ ಹಾಕಿದ ದುಡ್ಡು 100 ಕೋಟಿ ಡಾಲರಿಗೂ ಜಾಸ್ತಿ, ನಮ್ಮ ಪಾಲು 788 ಕೋಟಿ ರೂಪಾಯಿ. ನೆಲ, ನೀರು, ಕಾಡು, ಮಂಜನ್ನು ಅಳೆಯುವ ಕೆಲಸಕ್ಕೆ ಹೀಗೆ ಬೇರೆ ದೇಶಗಳ ಜೊತೆ ಕೂಡಿಕೊಳ್ಳುವುದು ನಮಗೆ ಸರಿಯಾದ ದಾರಿಯಾ? ಎರಡೂ ಕಡೆ ನನಗೆ ನಿಜ ಅನ್ನಿಸಿದ್ದನ್ನೇ ಬರೆದಿದ್ದೇನೆ.

ಪರ: ಕೂಡಿಕೊಳ್ಳದೆ ಈ ಕೆಲಸ ಆಗುವುದಿಲ್ಲ

ಮಲೆನಾಡಿನಲ್ಲಿ ಮಳೆಗಾಲದ ತಿಂಗಳುಗಳಲ್ಲಿ ಮೋಡ ಸರಿಯುವುದೇ ಅಪರೂಪ. ಕ್ಯಾಮೆರಾ ಇರುವ ಉಪಗ್ರಹಕ್ಕೆ ಆಗ ಕಾಣುವುದು ಬರೀ ಬಿಳಿ. ಗುಡ್ಡ ಕುಸಿಯುವುದೂ ಅದೇ ತಿಂಗಳುಗಳಲ್ಲಿ. 2018ರ ಆಗಸ್ಟ್‌ನಲ್ಲಿ ಕೊಡಗು. 2024ರ ಜುಲೈ 16ಕ್ಕೆ ಅಂಕೋಲಾ ತಾಲ್ಲೂಕಿನ ಶಿರೂರು. ಅದಾಗಿ ಎರಡು ವಾರಕ್ಕೆ, ಜುಲೈ 30ರ ನಸುಕಿಗೆ ವಯನಾಡು. ಸರಿಯಾಗಿ ಒಂದು ವರ್ಷದ ನಂತರ ಅದೇ ತಾರೀಖಿಗೆ ನಿಸಾರ್ ಹಾರಿದ್ದು.

ರೇಡಾರ್‌ಗೆ ಮೋಡವೂ ಅಡ್ಡಿಯಲ್ಲ, ಕತ್ತಲೂ ಅಡ್ಡಿಯಲ್ಲ. ಎಲ್ ಬ್ಯಾಂಡ್ ಅಲೆಯ ಉದ್ದ ಸುಮಾರು 24 ಸೆಂಟಿಮೀಟರ್. ಅದು ಎಲೆಗಳ ನಡುವೆ ತೂರಿಕೊಂಡು ಹೋಗಿ, ನೆಲಕ್ಕೆ ತಾಗಿ ವಾಪಸ್ ಬರಬಲ್ಲದು. ಎಸ್ ಬ್ಯಾಂಡ್ ಅಲೆ ಅದರ ಅರ್ಧಕ್ಕಿಂತ ಚಿಕ್ಕದು. ಬೆಳೆ ಎಷ್ಟು ಬೆಳೆದಿದೆ, ಹುಲ್ಲು ಎಷ್ಟಿದೆ ಎಂದು ನೋಡೋಕೆ ಅದು ವಾಸಿ. ಒಂದು ಕಾಣದ್ದನ್ನು ಇನ್ನೊಂದು ಕಾಣುತ್ತದೆ. ಉಪಗ್ರಹ 747 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಾ 12 ದಿನಕ್ಕೊಮ್ಮೆ ಅದೇ ದಾರಿಗೆ ಮರಳುತ್ತದೆ. ಹೋದ ಸಲ ವಾಪಸ್ ಬಂದ ಅಲೆಗೂ ಈ ಸಲ ಬಂದದ್ದಕ್ಕೂ ತಾಳೆ ಹಾಕಿದರೆ, ನೆಲ ಒಂದು ಸೆಂಟಿಮೀಟರ್ ಜರುಗಿದ್ದರೂ ಪತ್ತೆಯಾಗುತ್ತದೆ. ಮೆಲ್ಲಗೆ ಜಾರುತ್ತಿರುವ ಇಳಿಜಾರು, ಅಂತರ್ಜಲ ಎತ್ತಿ ಎತ್ತಿ ತಗ್ಗುತ್ತಿರುವ ಊರು, ಹಿಂದೆ ಸರಿಯುತ್ತಿರುವ ಹಿಮನದಿ, ಎಲ್ಲವೂ ಒಂದೇ ಲೆಕ್ಕದಲ್ಲಿ ಸಿಗುತ್ತವೆ.

ಇದಕ್ಕೆ ಬೇಕಾದ ಆಂಟೆನಾವನ್ನು ನೋಡಿ. ಚಿನ್ನದ ಲೇಪ ಕೊಟ್ಟ ಸಣ್ಣ ತಂತಿಯ ಬಲೆ. ಬಿಚ್ಚಿದರೆ 12 ಮೀಟರ್ ಅಗಲ. ಕೊಡೆಯ ಹಾಗೆ ಮಡಚಿಕೊಂಡು ಹೋಗಿ, ಆ ಆಗಸ್ಟ್ 15ರಂದು ಕಕ್ಷೆಯಲ್ಲಿ ಬಿಚ್ಚಿಕೊಂಡಿತು. ಎರಡೂ ದೇಶದ ರೇಡಾರ್‌ಗಳಿಗೆ ಆಂಟೆನಾ ಇದೊಂದೇ. ಇಂಥದ್ದನ್ನು ಮೊದಲಿಂದ ಕಲಿತು ಮಾಡೋಕೆ ಹೊರಟಿದ್ದರೆ ನಮಗೆ ಎಷ್ಟು ವರ್ಷ, ಎಷ್ಟು ದುಡ್ಡು ಹಿಡಿಯುತ್ತಿತ್ತು? 788 ಕೋಟಿಗೆ ಆಗುತ್ತಿರಲಿಲ್ಲ, ಅದಂತೂ ಖಂಡಿತ.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಡೇಟಾ ಎಲ್ಲರಿಗೂ ಉಚಿತ ಎಂಬುದು. ಸಾಮಾನ್ಯ ದಿನಗಳಲ್ಲಿ ಒಂದೆರಡು ದಿನದೊಳಗೆ, ವಿಪತ್ತಿನ ಹೊತ್ತಿನಲ್ಲಿ ಕೆಲವೇ ಗಂಟೆಗಳಲ್ಲಿ ಕೊಡಬೇಕೆಂಬುದು ಯೋಜನೆ. ಮಡಿಕೇರಿಯ ಕಾಲೇಜಿನ ಹುಡುಗಿಗೂ ಕ್ಯಾಲಿಫೋರ್ನಿಯಾದ ವಿಜ್ಞಾನಿಗೂ ಸಿಗುವುದು ಒಂದೇ ಫೈಲ್.

ಹಂಚಿಕೊಳ್ಳದೇ ಹೋದರೆ ಏನಾಗುತ್ತದೆ ಅಂತ ನಾವು ಕಣ್ಣಾರೆ ಕಂಡಿದ್ದೇವೆ. 2004ರ ಡಿಸೆಂಬರ್ 26ರ ಬೆಳಿಗ್ಗೆ ಸುಮಾತ್ರಾ ಬಳಿ ಸಮುದ್ರದಡಿ ಭೂಮಿ ನಡುಗಿತು. ಅಲೆ ತಮಿಳುನಾಡಿನ ದಡ ಮುಟ್ಟೋಕೆ ಸುಮಾರು ಎರಡು ಗಂಟೆ ಹಿಡಿಯಿತು. ದಡದ ಜನ ಊರೊಳಗೆ ನಡೆದು ಹೋಗೋಕೆ ಅಷ್ಟು ಹೊತ್ತು ಧಾರಾಳ ಸಾಕಿತ್ತು. ಆದರೆ ಅವರಿಗೆ ಹೇಳುವವರೇ ಇರಲಿಲ್ಲ. ಪೆಸಿಫಿಕ್ ಸಾಗರಕ್ಕೆ ದಶಕಗಳಿಂದ ಇದ್ದ ಎಚ್ಚರಿಕೆ ವ್ಯವಸ್ಥೆ ಹಿಂದೂ ಮಹಾಸಾಗರಕ್ಕೆ ಇರಲಿಲ್ಲ. ಸುತ್ತಲಿನ ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ತೀರಿಕೊಂಡರು. ಆಮೇಲೆ 2007ರಲ್ಲಿ ಹೈದರಾಬಾದ್‌ನ ಇನ್‌ಕಾಯಿಸ್ ಎಂಬ ಸಾಗರ ಮಾಹಿತಿ ಸಂಸ್ಥೆಯಲ್ಲಿ ಸುನಾಮಿ ಎಚ್ಚರಿಕೆ ಕೇಂದ್ರ ಬಂತು. ಇವತ್ತು ಭಾರತ, ಆಸ್ಟ್ರೇಲಿಯಾ, ಇಂಡೊನೇಷ್ಯಾ ಈ ಮೂರು ಇಡೀ ಸಾಗರಕ್ಕೆ ಮುನ್ಸೂಚನೆ ಕೊಡುತ್ತವೆ. ಭೂಕಂಪ ಒಂದು ದೇಶದಲ್ಲಿ, ಸಾವು ಇನ್ನೊಂದು ದೇಶದಲ್ಲಿ ಅಂದಮೇಲೆ ಯಂತ್ರ ಮಾತ್ರ ನಮ್ಮದೇ ಇರಲಿ ಅಂದರೆ ನಡೆಯುತ್ತದಾ?

ವೈರಿಗಳೂ ಇದನ್ನು ಒಪ್ಪಿದ್ದುಂಟು. ಶೀತಲ ಸಮರ ಜೋರಾಗಿದ್ದ 1957-58ರಲ್ಲೇ, ದೇಶಗಳು ಕೂಡಿ ಭೂಮಿಯನ್ನು ಅಳೆಯುವ ಅಂತರರಾಷ್ಟ್ರೀಯ ಭೂಭೌತ ವರ್ಷ ನಡೆಯಿತು. 60ಕ್ಕೂ ಹೆಚ್ಚು ದೇಶಗಳು ಸೇರಿದವು. ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಎರಡೂ ಕಡೆ ಜಾಗತಿಕ ದತ್ತಾಂಶ ಕೇಂದ್ರ ತೆರೆದವು. ಹವಾಯಿಯ ಮೌನಾ ಲೋವಾ ಮೇಲೆ ಚಾರ್ಲ್ಸ್ ಕೀಲಿಂಗ್ ಇಂಗಾಲದ ಡೈಆಕ್ಸೈಡ್ ಅಳೆಯೋಕೆ ಶುರು ಮಾಡಿದ್ದು ಆಗಲೇ, 1958ರಲ್ಲಿ. ಅಂಟಾರ್ಕ್ಟಿಕಾದಲ್ಲಿ ಬ್ರಿಟಿಷರು ಆ ವರ್ಷಕ್ಕೆಂದೇ ಕಟ್ಟಿದ ಹ್ಯಾಲಿ ನೆಲೆಯ ಅಳತೆಗಳಿಂದಲೇ 1985ರಲ್ಲಿ ಓಝೋನ್ ರಂಧ್ರ ಗೊತ್ತಾಯಿತು.

ವಿರೋಧ: ಮೊದಲು ನಮ್ಮ ಕೈಲಿ ಇರಲಿ

ನಿಸಾರ್ ಹೊತ್ತ ರಾಕೆಟ್ಟಿನ ಕಥೆಯನ್ನೇ ನೋಡಿ. ತೀರಾ ತಣ್ಣಗಿನ ದ್ರವ ಇಂಧನದಿಂದ ಓಡುವ ಕ್ರಯೋಜೆನಿಕ್ ಎಂಜಿನ್ ತಂತ್ರಜ್ಞಾನಕ್ಕಾಗಿ 1991ರಲ್ಲಿ ಭಾರತ ಸೋವಿಯತ್ ಸಂಸ್ಥೆ ಗ್ಲಾವ್‌ಕಾಸ್ಮಾಸ್ ಜೊತೆ ಒಪ್ಪಂದ ಮಾಡಿಕೊಂಡಿತು. 1992ರಲ್ಲಿ ಅಮೆರಿಕ ಇಬ್ಬರ ಮೇಲೂ ನಿರ್ಬಂಧ ಹೇರಿತು. ಕೊನೆಗೆ ತಯಾರಾದ ಕೆಲವು ಎಂಜಿನ್ ಬಂದವು, ಮಾಡುವ ವಿದ್ಯೆ ಬರಲಿಲ್ಲ. ಸೋತು, ಕಲಿತು, ಮತ್ತೆ ಸೋತು ನಮ್ಮವರೇ ಮಾಡಿದ ಎಂಜಿನ್ ಗೆದ್ದದ್ದು 2014ರ ಜನವರಿಯಲ್ಲಿ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ನಿಸಾರ್ ಒಪ್ಪಂದಕ್ಕೆ ಸಹಿ ಬಿತ್ತು. ಯಾವ ಎಂಜಿನ್ ಕೊಡಬೇಡಿ ಅಂದಿದ್ದರೋ, ಅದೇ ನಮೂನೆಯ ನಮ್ಮ ಎಂಜಿನ್ ಅವರ ರೇಡಾರನ್ನು ಮೇಲಕ್ಕೊಯ್ದಿತು. ಕೈಯಲ್ಲಿ ಕಸುಬು ಇದ್ದವರನ್ನೇ ಜೊತೆಗೆ ಕರೆಯುತ್ತಾರೆ. ಇಲ್ಲದವರು ಗಿರಾಕಿಗಳು ಅಷ್ಟೇ.

ಆ ಚಂದದ ಆಂಟೆನಾಕ್ಕೂ ಇನ್ನೊಂದು ಮುಖವಿದೆ. 2024ರ ಮೊದಲ ತಿಂಗಳುಗಳಲ್ಲೇ ಹಾರಬೇಕಿದ್ದ ಉಪಗ್ರಹ ನಿಂತಿತು. ಮಡಚಿಟ್ಟ ಸ್ಥಿತಿಯಲ್ಲಿ ಆಂಟೆನಾ ಮಿತಿ ಮೀರಿ ಬಿಸಿಯಾಗಬಹುದು ಎಂದು ಗೊತ್ತಾಗಿ, ಹೊಸ ಲೇಪಕ್ಕೆಂದು ಅದನ್ನು ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾಕ್ಕೆ ಒಯ್ದರು. ತಪ್ಪು ಯಾರದೂ ಅಲ್ಲ. ಆದರೆ ಆ ಭಾಗ ಮಾಡುವುದು ನಮಗೆ ಗೊತ್ತಿಲ್ಲದ ಕಾರಣ ನಾವು ಕಾಯಬೇಕಾಯಿತು. 2012ರಲ್ಲೇ ರಿಸ್ಯಾಟ್-1 ಎಂಬ ಸ್ವಂತ ರೇಡಾರ್ ಉಪಗ್ರಹ ಹಾರಿಸಿದ ದೇಶ ನಮ್ಮದು. ಎಲ್ ಬ್ಯಾಂಡನ್ನೂ ಆಗಲೇ ಕೈಗೆ ತೆಗೆದುಕೊಳ್ಳಬಹುದಿತ್ತು ಅನ್ನುವುದು ನನ್ನ ವಾದ.

ಇನ್ನು, ಸ್ನೇಹದ ಮೇಲೆ ನಿಂತ ಡೇಟಾ ಸ್ನೇಹ ಕೆಟ್ಟ ದಿನ ನಿಲ್ಲುತ್ತದೆ. ಬ್ರಹ್ಮಪುತ್ರದ ಮಳೆಗಾಲದ ನೀರಿನ ಮಟ್ಟ ತಿಳಿಸಲು ಚೀನಾ 2002ರಲ್ಲೇ ಒಪ್ಪಿತ್ತು. 2017ರಲ್ಲಿ, ಎರಡೂ ದೇಶದ ಸೈನ್ಯ ಎದುರುಬದುರಾಗಿ ನಿಂತ ಡೋಕ್ಲಾಮ್ ಬಿಕ್ಕಟ್ಟಿನ ಮಳೆಗಾಲದಲ್ಲಿ, ಮಾಹಿತಿ ಬರಲಿಲ್ಲ. ಅಸ್ಸಾಮಿನಲ್ಲಿ ಮಾತ್ರ ಆ ವರ್ಷವೂ ಪ್ರವಾಹ ಬಂತು. 2022ರ ಯುಕ್ರೇನ್ ಯುದ್ಧದ ನಂತರ ಸೈಬೀರಿಯಾದ ಹೆಪ್ಪುಗಟ್ಟಿದ ನೆಲದ ಅಳತೆಗಳು ಪಶ್ಚಿಮದ ವಿಜ್ಞಾನಿಗಳ ಕೈತಪ್ಪಿದವು. ಅಮೆರಿಕವೇನು ಬೇರೆಯಾ? 2025ರ ಬಜೆಟ್ ಪ್ರಸ್ತಾಪದಲ್ಲಿ ಅಲ್ಲಿನ ಸರ್ಕಾರ ನಾಸಾದ ವಿಜ್ಞಾನದ ಹಣಕ್ಕೆ ಸುಮಾರು ಅರ್ಧದಷ್ಟು ಕತ್ತರಿ ಹಾಕಹೊರಟಿತ್ತು. ಹಿಮಾಲಯದ ಮಂಜಿನ ಲೆಕ್ಕ ವಾಷಿಂಗ್ಟನ್ನಿನ ಬಜೆಟ್ ಚರ್ಚೆಗೆ ಜೋತುಬೀಳಬಾರದು.

ಮಡಿಕೇರಿಯ ಹುಡುಗಿಗೂ ಅದೇ ಫೈಲ್ ಸಿಗುತ್ತದೆ ಅನ್ನೋದು ನಿಜ. ಆದರೆ ನಿಸಾರ್‌ನಿಂದ ಬರುವ ಡೇಟಾ ದಿನಕ್ಕೆ ಸುಮಾರು 80 ಟೆರಾಬೈಟ್. ಅದನ್ನು ಅರೆದು ಅರ್ಥ ಮಾಡಿಕೊಳ್ಳೋಕೆ ದೊಡ್ಡ ಕಂಪ್ಯೂಟರ್, ನುರಿತ ಜನ ಬೇಕು. ಬಾಗಿಲು ಎಲ್ಲರಿಗೂ ತೆರೆದಿದ್ದರೂ ಮೊದಲು ಒಳಗೆ ಹೋಗುವವರು ಅವೆರಡೂ ಇರುವ ಶ್ರೀಮಂತ ವಿಶ್ವವಿದ್ಯಾಲಯಗಳೇ.

ಗುಡ್ಡ ಕುಸಿಯುವ ಹೊತ್ತಿಗೆ 12 ದಿನಕ್ಕೊಮ್ಮೆ ಬರುವ ಚಿತ್ರ ಸಾಲದು, ಅಲ್ವಾ? ಆಗ ಬೇಕಿರುವುದು ಈ ಗಂಟೆಯ ಮಳೆ ಎಷ್ಟು ಎಂಬ ಲೆಕ್ಕ. ಆ ಕೆಲಸವನ್ನು ಕರ್ನಾಟಕ ಯಾರನ್ನೂ ಕೇಳದೆ ಮಾಡಿದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಹಾಕಿದೆ, 15 ನಿಮಿಷಕ್ಕೊಮ್ಮೆ ಅಂಕಿ ತಾನಾಗಿ ಬರುತ್ತದೆ. ಶಿರೂರಿನಲ್ಲಿ ಹೆದ್ದಾರಿ ಅಗಲ ಮಾಡೋಕೆ ಗುಡ್ಡದ ಬುಡ ಕಡಿದದ್ದು ದಾರಿಹೋಕರಿಗೂ ಕಾಣುತ್ತಿತ್ತು. ಅದಕ್ಕೆ ಉಪಗ್ರಹ ಬೇಕಿರಲಿಲ್ಲ. ಬೇಕಿದ್ದದ್ದು ಇಳಿಜಾರಿನಲ್ಲಿ ಹೂತಿಟ್ಟು ನೆಲ ವಾಲುವುದನ್ನು ಅಳೆಯುವ ಬಾಗುಮಾಪಕ, ಅದನ್ನು ಓದುವ ಒಬ್ಬ ಭೂವಿಜ್ಞಾನಿ, ಮತ್ತು ಅವರು ಬೇಡ ಅಂದಾಗ ಜೆಸಿಬಿ ನಿಲ್ಲಿಸುವ ಅಧಿಕಾರಿ. ಘಟ್ಟದ ಪ್ರತಿ ತಾಲ್ಲೂಕಿಗೂ ಈ ಮೂರನ್ನು ಕೊಡಿ. ಸ್ವಂತ ಎಲ್ ಬ್ಯಾಂಡ್ ಉಪಗ್ರಹಕ್ಕೂ ಈಗಲೇ ದುಡ್ಡು ಎತ್ತಿಡಿ. ಅಷ್ಟಾದ ಮೇಲೆ ಜಗತ್ತಿನ ಯಾರ ಜೊತೆ ಬೇಕಾದರೂ ಕೂತು ಮಾತಾಡೋಣ.