ನೇಕಾರರಿಗೆ ತಿಂಗಳ ಸಂಬಳ

ಪ್ಯಾರಿಸ್ಸಿನ ಗೋಬ್ಲಾಂ ಕಾರ್ಖಾನೆಯಲ್ಲಿ ಮಗ್ಗದ ಮುಂದೆ ಕೂತವರು ಸರ್ಕಾರಿ ನೌಕರರು. ತಿಂಗಳಾದರೆ ಸಂಬಳ. ಅಲ್ಲಿಗೆ ಹೋಗಿ ಬಂದ ಮೇಲೆ ನನ್ನ ತಲೆಯಲ್ಲಿ ಇದೊಂದೇ ಕೊರೆಯುತ್ತಿದೆ.

1662ರಲ್ಲಿ 14ನೇ ಲೂಯಿಯ ಮಂತ್ರಿ ಕೋಲ್ಬೇರ್ ಇದನ್ನು ಅರಮನೆಗಾಗಿ ಶುರು ಮಾಡಿಸಿದ್ದು. ರಾಜರು ಹೋದರು, ಕ್ರಾಂತಿ ಆಯಿತು, ಮಗ್ಗ ಇವತ್ತಿಗೂ ಆಡುತ್ತಿದೆ.

ಇಲ್ಲಿ ನೇಯುವುದು ಗೋಡೆಗೆ ಹಾಕುವ ಚಿತ್ರದ ಬಟ್ಟೆ, ಟೇಪೆಸ್ಟ್ರಿ. ಮಗ್ಗ ನೆಟ್ಟಗೆ ನಿಂತಿರುತ್ತದೆ. ನೇಯುವವರು ಕೂರುವುದು ಚಿತ್ರದ ಹಿಂದೆ. ದಾರದ ತುದಿಗಳೆಲ್ಲ ಅವರ ಕಡೆಗೇ ಜೋತಾಡುತ್ತವೆ. ಮುಂಭಾಗ ಹೇಗೆ ಬಂದಿದೆ ಅಂತ ಆಚೆ ಇಟ್ಟ ಕನ್ನಡಿಯಲ್ಲಿ ಹಾಸಿನ, ಅಂದರೆ ಮೇಲಿಂದ ಕೆಳಗೆ ಬಿಗಿದ ಎಳೆಗಳ, ಸಂದಿಯಿಂದ ಇಣುಕಿ ನೋಡಬೇಕು. ನಾನು ನೋಡುತ್ತಿದ್ದಾಗ ಒಬ್ಬಾಕೆ ಎಡಗೈಯಲ್ಲಿ ಹಾಸಿನ ಎಳೆ ಬಿಡಿಸಿ, ಉಣ್ಣೆ ಸುತ್ತಿದ ಮರದ ಕಡ್ಡಿ ತೂರಿಸಿ, ಅದರ ಚೂಪು ತುದಿಯಿಂದಲೇ ಹೊಕ್ಕನ್ನು, ಅಂದರೆ ಅಡ್ಡ ಎಳೆಯನ್ನು, ಕುಟ್ಟಿ ಕೂರಿಸುತ್ತಿದ್ದರು. ನಾಲ್ಕು ಎಳೆ ಹೋದರೆ ಬಣ್ಣ ಬದಲು. ಒಬ್ಬರು ವರ್ಷವಿಡೀ ನೇಯ್ದರೆ ಆಗುವುದು ಒಂದು ಚದರ ಮೀಟರ್ ಆಸುಪಾಸು.

ಬಣ್ಣದ ಕಥೆ ಇನ್ನೂ ಚೆಂದ. 1824ರಲ್ಲಿ ಶೆವ್ರಲ್ ಎಂಬ ರಸಾಯನ ವಿಜ್ಞಾನಿ ಇಲ್ಲಿನ ಬಣ್ಣದ ವಿಭಾಗಕ್ಕೆ ಬಂದರು. ಕಪ್ಪು ದಾರ ಮಂಕಾಗಿ ಕಾಣುತ್ತದೆ ಅಂತ ದೂರಿತ್ತು. ಪರೀಕ್ಷೆ ಮಾಡಿದರೆ ಕಪ್ಪಿನಲ್ಲಿ ಏನೂ ದೋಷವಿಲ್ಲ! ಪಕ್ಕದ ನೀಲಿ, ನೇರಳೆ ಎಳೆಗಳು ಅದನ್ನು ಹಾಗೆ ತೋರಿಸುತ್ತಿದ್ದವು. ಈ ಬಗ್ಗೆ ಅವರು 1839ರಲ್ಲಿ ಪ್ರಕಟಿಸಿದ್ದನ್ನು ಮುಂದೆ ಸ್ಯೂರಾನಂಥ ಚಿತ್ರಕಾರರು ತಮ್ಮ ಕ್ಯಾನ್ವಾಸಿಗೆ ತಂದುಕೊಂಡರು. ಮಗ್ಗದ ಮನೆಯಲ್ಲಿ ಎದ್ದ ತಕರಾರು ಎಲ್ಲಿಗೆ ಮುಟ್ಟಿತು ನೋಡಿ.

ಇದೆಲ್ಲ ದುಂದುವೆಚ್ಚ ಅಲ್ವಾ ಅಂತ ಜೊತೆಗಿದ್ದವರೊಬ್ಬರು ಕೇಳಿದರು. ನನಗೆ ಖಂಡಿತ ಹಾಗನ್ನಿಸಲಿಲ್ಲ. ಇಲ್ಲಿ ನೇಯ್ದದ್ದು ಅಂಗಡಿಗೆ ಹೋಗುವುದಿಲ್ಲ. ಸರ್ಕಾರಿ ಕಟ್ಟಡಗಳಿಗೆ, ರಾಯಭಾರ ಕಚೇರಿಗಳಿಗೆ ಹೋಗುತ್ತದೆ. ಗಿರಾಕಿ ಸಿಗುತ್ತಾರೋ ಇಲ್ಲವೋ ಎಂಬ ಚಿಂತೆ ನೇಯುವವರಿಗಿಲ್ಲ. ಅದಕ್ಕೇ ಇವತ್ತಿನ ಹುಡುಗ ಹುಡುಗಿಯರೂ ವರ್ಷಗಟ್ಟಲೆ ಕೂತು ಕಲಿಯುತ್ತಾರೆ.

ನಮ್ಮ ನವಲಗುಂದದ ಜಮಖಾನವೂ ನಿಂತ ಮಗ್ಗದ್ದೇ. ಅದರ ನವಿಲುಗಳನ್ನು ನೋಡಿದವರು ಮರೆಯುವುದಿಲ್ಲ. ನೇಯುವವರು ಹೆಣ್ಣುಮಕ್ಕಳು, ಈಗ ಕೈಬೆರಳೆಣಿಕೆಯಷ್ಟು ಮನೆಗಳವರು. ಊರಿನ ಹೆಸರಿನ ಮೇಲೆ ಹಕ್ಕು ಕೊಡುವ ಜಿಐ (ಭೌಗೋಳಿಕ ಗುರುತು) ಟ್ಯಾಗ್ ಸಿಕ್ಕಿದೆ, ಒಳ್ಳೆಯದೇ. ಆದರೆ ಅದರಿಂದ ಬೇರೆಯವರು ಆ ಹೆಸರು ಬಳಸದಂತೆ ತಡೆಯಬಹುದು, ಅಷ್ಟೇ. ಮನೆ ಬಾಡಿಗೆ, ಮಕ್ಕಳ ಫೀಸು ಅದರಿಂದ ಹುಟ್ಟುವುದಿಲ್ಲ. ವರ್ಷಕ್ಕೊಂದು ಮೇಳ, ಶಾಲು, ಸನ್ಮಾನ ಇವು ಸಾಲುವುದಿಲ್ಲ. ಸರ್ಕಾರ ಸುಮ್ನೆ ಒಂದಷ್ಟು ಜನ ನೇಕಾರರನ್ನು ಕಾಯಂ ಕೆಲಸಕ್ಕೆ ತೆಗೆದುಕೊಳ್ಳಲಿ. ಅವರ ಕೈಕೆಳಗೆ ಕಲಿಯುವ ಹುಡುಗಿಯರಿಗೆ ಸ್ಟೈಪೆಂಡ್ ಕೊಡಲಿ. ಅವರು ನೇಯ್ದ ಜಮಖಾನವನ್ನು ವಿಧಾನಸೌಧದಲ್ಲಿ, ಬೆಳಗಾವಿಯ ಸುವರ್ಣಸೌಧದಲ್ಲಿ ಹಾಸಲಿ. ಇದಕ್ಕೇನೂ ಜಾಸ್ತಿ ದುಡ್ಡು ಬೇಕಾಗಿಲ್ಲ. ಧಾರವಾಡ ಕಡೆಯ ಗೆಳೆಯರು ದಯವಿಟ್ಟು ನಿಮ್ಮ ಶಾಸಕರ ಕಿವಿಗೆ ಈ ಮಾತು ಹಾಕಿ.