ಯಾವ ಚಾಪ್ಟರ್ ಸರ್?

ಹೋದ ತಿಂಗಳು ಸೆಕೆಂಡ್ ಪಿಯು ಕ್ಲಾಸ್ ಮುಗಿಯೋಕೆ ಇನ್ನೂ ಹತ್ತು ನಿಮಿಷ ಇತ್ತು. ಪೋರ್ಷನ್ ಆಗಿತ್ತು. ಸುಮ್ನೆ ಬೋರ್ಡ್ ಮೇಲೆ ಒಂದು ಪ್ರಶ್ನೆ ಬರೆದೆ. 1ರಿಂದ 100ರವರೆಗಿನ ಸಂಖ್ಯೆಗಳಲ್ಲಿ ನಿಮಗಿಷ್ಟ ಬಂದ 51 ಆರಿಸಿಕೊಳ್ಳಿ. ಹೇಗೇ ಆರಿಸಿದರೂ ಅದರಲ್ಲಿ ಅಕ್ಕಪಕ್ಕದ ಎರಡು ಸಂಖ್ಯೆ ಇದ್ದೇ ಇರುತ್ತವೆ. ಯಾಕೆ?

ಮೊದಲ ಬೆಂಚಿನಿಂದ ತಕ್ಷಣ ಬಂತು, "ಯಾವ ಚಾಪ್ಟರ್ ಸರ್?" ಹಿಂದಿನಿಂದ ಇನ್ನೊಂದು, "ಎಷ್ಟು ಮಾರ್ಕ್ಸಿಗೆ ಬರುತ್ತೆ?"

ನಗು ಬಂತು. ಆಮೇಲೆ ಬೇಜಾರಾಯಿತು. ಹಾಗೆ ಕೇಳೋದನ್ನು ಕಲಿಸಿದವರು ನಾವೇ ಅಲ್ವಾ?

ನಮ್ಮ ಪಿಯು ಗಣಿತದಲ್ಲಿ ಈಗ 80 ಅಂಕಕ್ಕೆ ಪರೀಕ್ಷೆ, 20 ಇಂಟರ್ನಲ್. ಇಂಟರ್ನಲ್‌ನಲ್ಲಿ ಕೈ ಬಿಗಿ ಹಿಡಿಯೋ ಮೇಷ್ಟ್ರನ್ನು ನಾನಂತೂ ಕಾಣೆ. ಆರು ಅಂಕದ ಪ್ರಶ್ನೆ ಲೀನಿಯರ್ ಪ್ರೋಗ್ರಾಮಿಂಗ್ ಪಾಠದ್ದು, ಇಲ್ಲವೇ ಡೆಫಿನಿಟ್ ಇಂಟಿಗ್ರಲ್ ಪಾಠದ್ದು ಅಂತ ಮಕ್ಕಳು ನಿದ್ದೆಯಲ್ಲೂ ಹೇಳುತ್ತಾರೆ. ನೂರಕ್ಕೆ ನೂರು ತೆಗೆಯೋದು ಸುಲಭ ಅಂತ ಹೇಳುತ್ತಿಲ್ಲ, ಅದಕ್ಕೂ ಬೆವರು ಹರಿಸಬೇಕು. ಆದರೆ ಗಣಿತವನ್ನೇ ಓದಬೇಕು ಅಂತ ಹೊರಟ ಹುಡುಗಿ ಆ ನೂರನ್ನು ಹಿಡಿದುಕೊಂಡು ಒಳ್ಳೆ ಕಾಲೇಜಿನ ಬಾಗಿಲಿಗೆ ಹೋದರೆ, ಅಲ್ಲಿ ಸಾಲಿನಲ್ಲಿ ನಿಂತಿರೋ ಅಷ್ಟೂ ಜನರ ಕೈಯಲ್ಲಿ ಅದೇ ನೂರು ಇರುತ್ತೆ.

ಬೆಂಗಳೂರಿನ ಮೈಸೂರು ರಸ್ತೆಯಲ್ಲೇ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಇದೆ. ಅಲ್ಲಿ ಬಿ.ಮ್ಯಾಥ್ ಅಂತ ಗಣಿತದ ಪದವಿ ಕೋರ್ಸ್. ಅದರ ಪ್ರವೇಶ ಪರೀಕ್ಷೆಯಲ್ಲಿ ಬೆಳಿಗ್ಗೆ 30 ಟಿಕ್ ಹಾಕೋ ಪ್ರಶ್ನೆ. ಮಧ್ಯಾಹ್ನ ಬರೀ ಎಂಟು ಪ್ರಶ್ನೆ, ಎರಡು ಗಂಟೆ. ಆ ಎಂಟರಲ್ಲೇ ಇರೋದು ಆಟ. ಉತ್ತರ ಬಂದರೆ ಸಾಲದು, ಯಾಕೆ ಹಾಗೆ ಅಂತ ಒಂದೊಂದೇ ಹೆಜ್ಜೆ ಬರೆದು ಒಪ್ಪಿಸಬೇಕು. ಚೆನ್ನೈ ಹತ್ತಿರದ ಗಣಿತ ಸಂಸ್ಥೆ ಸಿಎಂಐನ ಪರೀಕ್ಷೆಯೂ ಹೆಚ್ಚು ಕಡಿಮೆ ಇದೇ ಜಾತಿ. ಸಿಇಟಿಗೆ 80 ನಿಮಿಷದಲ್ಲಿ 60 ಪ್ರಶ್ನೆ ಹೊಡೆದು ಹಾಕೋ ನಮ್ಮ ಮಕ್ಕಳಿಗೆ, ಒಂದೇ ಪ್ರಶ್ನೆ ಮುಂದೆ ಕಾಲು ಗಂಟೆ ಕೂರೋದು ಅಂದರೆ ಉಸಿರು ಕಟ್ಟುತ್ತೆ.

ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಕೆಲವು ವರ್ಷದ ಹಿಂದೆ ಒಬ್ಬ ಹುಡುಗ ಅಮೆರಿಕದ ಕಾಲೇಜೊಂದಕ್ಕೆ ಅರ್ಜಿ ಹಾಕಿದ. ನನ್ನ ಕೈಲಿ ಶಿಫಾರಸು ಪತ್ರ ಕೇಳಿದ. ಅಲ್ಲಿಯವರು ಈ ಪತ್ರಗಳನ್ನು ಕೂತು ಓದುತ್ತಾರೆ. ಎಂಐಟಿಯಂಥ ಕಡೆಯಂತೂ ಗಣಿತ ಅಥವಾ ವಿಜ್ಞಾನದ ಮೇಷ್ಟ್ರದ್ದೊಂದು, ಭಾಷೆ ಅಥವಾ ಸಮಾಜದವರದ್ದೊಂದು ಅಂತ ಎರಡು ಪತ್ರ ಕೇಳುತ್ತಾರೆ. ನಾನೇನು ಬರೆದೆ? ಪ್ರಾಮಾಣಿಕ, ಶ್ರಮಜೀವಿ, ವಿಧೇಯ. ಕ್ಯಾರೆಕ್ಟರ್ ಸರ್ಟಿಫಿಕೇಟಿಗೂ ಅದಕ್ಕೂ ಏನೂ ವ್ಯತ್ಯಾಸ ಇರಲಿಲ್ಲ. ಅವನ ಗಣಿತದ ಬಗ್ಗೆ ಒಂದು ಘಟನೆ ಬರೆಯೋಣ ಅಂತ ಪೆನ್ನು ಹಿಡಿದು ಕೂತರೆ ಏನೂ ಹೊಳೆಯಲಿಲ್ಲ. ಎರಡು ವರ್ಷ ಪಾಠ ಮಾಡಿದ್ದೆ. ಅವನು ತಾನಾಗಿ ಯೋಚನೆ ಮಾಡೋದನ್ನು ಒಂದು ಸಲವೂ ನೋಡಿರಲಿಲ್ಲ. ನೋಡೋ ಅವಕಾಶ ನಾನೇ ಕೊಟ್ಟಿರಲಿಲ್ಲ.

ಗಣಿತ ಒಲಿಂಪಿಯಾಡ್ ಸ್ಪರ್ಧೆ ಇದೆಯಲ್ಲ ಅನ್ನುತ್ತೀರಿ. ಇದೆ. ಮೊದಲ ಮೆಟ್ಟಿಲು ಐಒಕ್ಯೂಎಂ ಅನ್ನೋ ಪರೀಕ್ಷೆ, ಎಂಟನೇ ಕ್ಲಾಸಿನಿಂದಲೇ ಬರೆಯಬಹುದು. ಮೂರು ಗಂಟೆ, 30 ಪ್ರಶ್ನೆ, ಟಿಕ್ ಹಾಕೋಕೆ ಆಯ್ಕೆಗಳೇ ಇಲ್ಲ. ಅಲ್ಲಿಂದ ಹತ್ತುತ್ತಾ ಹೋದರೆ ರಾಷ್ಟ್ರಮಟ್ಟದ ಐಎನ್‌ಎಂಒ, ನಾಲ್ಕೂವರೆ ಗಂಟೆಗೆ ಆರೇ ಲೆಕ್ಕ. ಈಗ ಐಐಟಿ ಕಾನ್ಪುರದಂಥವರೂ ಕೆಲವು ಕೋರ್ಸಿಗೆ ಈ ದಾರಿಯಲ್ಲಿ ಬಂದವರನ್ನು ತೆಗೆದುಕೊಳ್ಳುತ್ತಿದ್ದಾರೆ. ಬಿ.ಜೆ. ವೆಂಕಟಾಚಲ, ಸಿ.ಆರ್. ಪ್ರಾಣೇಶಾಚಾರ್ ಅವರಂಥ ಗಣಿತಜ್ಞರು ಬೆಂಗಳೂರಿನ ಐಐಎಸ್ಸಿಯಲ್ಲಿ ಕೂತು ವರ್ಷಗಟ್ಟಲೆ ಇಡೀ ದೇಶದ ಮಕ್ಕಳನ್ನು ಇದಕ್ಕೆ ತಯಾರು ಮಾಡಿದರು. ಅಲ್ಲಿಂದ ಎರಡು ಗಂಟೆ ದಾರಿಯ ನಮ್ಮ ತಾಲ್ಲೂಕಿನಲ್ಲಿ ಆ ಪರೀಕ್ಷೆಯ ಹೆಸರು ಕೇಳಿದವರು ಸ್ಟಾಫ್ ರೂಮಿನಲ್ಲೇ ಇಬ್ಬರೋ ಮೂವರೋ. ಒಬ್ಬರಂತೂ "ಅದೆಲ್ಲ ಟೈಂ ವೇಸ್ಟು, ಸಿಇಟಿಗೆ ಹೊಡೆತ ಬೀಳುತ್ತೆ" ಅಂದರು. ಮಕ್ಕಳನ್ನು ಏನಂತ ಬೈಯೋದು?

ಬೋರ್ಡಿನ ಪ್ರಶ್ನೆಗೆ ಬರುತ್ತೇನೆ. ನಾಲ್ಕು ದಿನ ಆದ ಮೇಲೆ ಮೂರನೇ ಬೆಂಚಿನ ಹುಡುಗಿಯೊಬ್ಬಳು ಸ್ಟಾಫ್ ರೂಮಿಗೆ ಬಂದಳು. ಕನ್ನಡ ಮೀಡಿಯಮ್ಮಿನಲ್ಲಿ ಓದಿ ಬಂದವಳು, ಕ್ಲಾಸಲ್ಲಿ ಬಾಯಿ ಬಿಟ್ಟವಳಲ್ಲ. ರಫ್ ನೋಟಿನ ಹಿಂದಿನ ಹಾಳೆಯಲ್ಲಿ ಸಣ್ಣ ಸಣ್ಣ ಡಬ್ಬ ಎಳೆದಿದ್ದಳು. 1-2 ಒಂದು ಡಬ್ಬ, 3-4 ಇನ್ನೊಂದು, ಹೀಗೆ 99-100ರವರೆಗೆ. "50 ಡಬ್ಬ ಸರ್. 51 ತಗೊಂಡ್ರೆ ಯಾವುದಾದ್ರೂ ಒಂದು ಡಬ್ಬದಿಂದ ಎರಡೂ ಬಂದೇ ಬರುತ್ತೆ."

ಈ ಉಪಾಯಕ್ಕೆ ಪಿಜನ್‌ಹೋಲ್ ತತ್ವ ಅಂತಾರೆ. ಅವಳು ಆ ಹೆಸರು ಕೇಳಿದವಳಲ್ಲ. ಶಭಾಷ್ ಅಂದೆ. ಅವಳು ಹೋಗಲಿಲ್ಲ.

"ಸರ್, 50 ಆದ್ರೆ ಆಗಲ್ಲ. ಬರೀ ಸರಿಸಂಖ್ಯೆ ತಗೊಂಡ್ರೆ ಅಕ್ಕಪಕ್ಕ ಯಾವುದೂ ಬರಲ್ಲ. 51ನ್ನೇ ಯಾಕೆ ಕೊಟ್ರಿ ಅಂತ ಆಮೇಲೆ ಗೊತ್ತಾಯ್ತು."

ಇದನ್ನು ನಾನು ಕೇಳಿರಲಿಲ್ಲ. ಅವಳೇ ಕೇಳಿಕೊಂಡಿದ್ದು. ಅವಳು ಹೋದ ಮೇಲೆ ತಾರೀಖು ಹಾಕಿ, ಅವಳು ಹೇಳಿದ್ದನ್ನು ಹೇಳಿದ ಹಾಗೇ ಡೈರಿಯಲ್ಲಿ ಬರೆದಿಟ್ಟೆ. ಮುಂದೆ ಅವಳಿಗೆ ಪತ್ರ ಬರೆಯೋ ಹೊತ್ತು ಬಂದರೆ ಶ್ರಮಜೀವಿ, ವಿಧೇಯ ಅಂತ ಬರೆಯಬೇಕಿಲ್ಲ.

ನಿನ್ನೆ ಅವರಪ್ಪ ಫೋನ್ ಮಾಡಿದ್ದರು. ಮಗಳು ಮೈಸೂರು ರಸ್ತೆ ಕಾಲೇಜಿನ ಪರೀಕ್ಷೆ ಬರೆಯುತ್ತೇನೆ ಅಂತ ಕೂತಿದ್ದಾಳಂತೆ. "ಬರೀಲಿ ಸಾರ್, ಬೇಡ ಅನ್ನಲ್ಲ. ಆದ್ರೆ ಸಿಇಟಿಗೇನೂ ತೊಂದರೆ ಆಗಲ್ಲ ತಾನೆ?"

ಇಲ್ಲ, ಎರಡೂ ಬರೀಲಿ ಅಂದೆ.