ಯೂಮಾದ ಗೋಡೆಗೆ ಎರಡು ಸಾಕ್ಷಿ

ಅರಿಜೋನಾ ರಾಜ್ಯದ ನೈಋತ್ಯ ಮೂಲೆಯಲ್ಲಿ, ಕೊಲೊರಾಡೊ ನದಿಯ ದಂಡೆಯ ಮೇಲೆ, ಯೂಮಾ ಎಂಬ ಊರಿದೆ. ಅಮೆರಿಕ–ಮೆಕ್ಸಿಕೊ ಗಡಿಗೆ ಗೋಡೆ ಬೇಕು ಎನ್ನುವವರೂ ಬೇಡ ಎನ್ನುವವರೂ ಸಾಕ್ಷಿಗೆ ಕರೆಯುವುದು ಇದೇ ಊರನ್ನು, ಮತ್ತು ಇಬ್ಬರೂ ಸುಳ್ಳು ಹೇಳುತ್ತಿಲ್ಲ. 2005ರ ಆರ್ಥಿಕ ವರ್ಷದಲ್ಲಿ ಗಡಿ ಗಸ್ತು ಪಡೆಯವರು ಯೂಮಾ ವಲಯದಲ್ಲಿ ಹಿಡಿದವರ ಸಂಖ್ಯೆ ಸುಮಾರು 1,38,000. ಮರುವರ್ಷ ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್ ಸೆಕ್ಯೂರ್ ಫೆನ್ಸ್ ಕಾಯಿದೆಗೆ ಸಹಿ ಹಾಕಿದರು, ಬೇಲಿ ಎದ್ದಿತು, ಗಸ್ತಿನ ಸಿಬ್ಬಂದಿಯೂ ಹೆಚ್ಚಾದರು. 2009ರ ಹೊತ್ತಿಗೆ ಆ ಸಂಖ್ಯೆ ಏಳು ಸಾವಿರದ ಆಸುಪಾಸಿಗೆ ಇಳಿದಿತ್ತು. ಗೋಡೆಯ ಪರ ಮಾತನಾಡುವವರು ಇಲ್ಲಿಗೆ ಕಥೆ ನಿಲ್ಲಿಸುತ್ತಾರೆ. ವಿರೋಧಿಸುವವರ ಕಥೆ ಶುರುವಾಗುವುದು 2022ರಲ್ಲಿ: ಆ ವರ್ಷ ಇದೇ ವಲಯದಲ್ಲಿ ಸಿಕ್ಕವರ ಸಂಖ್ಯೆ ಮೂರು ಲಕ್ಷ ದಾಟಿತು.

ಈ ನಡುವೆ ಬೇಲಿಯನ್ನು ಯಾರೂ ಕಿತ್ತುಹಾಕಿರಲಿಲ್ಲ, ಅದು ಬೆಳೆದೇ ಇತ್ತು. ಟ್ರಂಪ್ ಅವರ ಮೊದಲ ಅವಧಿಯಲ್ಲಿ ಯೂಮಾ ವಲಯದ ಬಹುಭಾಗದಲ್ಲಿ ಹಳೆಯ ಗಿಡ್ಡ ಬೇಲಿಯ ಜಾಗದಲ್ಲಿ ಮೂವತ್ತು ಅಡಿಯ ಉಕ್ಕಿನ ಸಾಲು ಬಂದು ನಿಂತಿತ್ತು. ಆರು ಇಂಚಿನ ಚೌಕ ಕೊಳವೆಗಳು, ಅವುಗಳ ಹೊಟ್ಟೆಯಲ್ಲಿ ಕಾಂಕ್ರೀಟು, ಒಂದಕ್ಕೂ ಇನ್ನೊಂದಕ್ಕೂ ನಡುವೆ ನಾಲ್ಕು ಇಂಚಿನ ಸಂದು, ಕೈಗೆ ಹಿಡಿತ ಸಿಗದಿರಲೆಂದು ತುದಿಯಲ್ಲಿ ನುಣುಪಾದ ಉಕ್ಕಿನ ತಗಡು. ಇಷ್ಟಿದ್ದೂ ಜನ ಹೇಗೆ ಬಂದರು ಎಂಬ ಪ್ರಶ್ನೆಗೆ ಉತ್ತರ ಸರಳವಾಗಿದೆ: ಅವರು ಗೋಡೆ ಹತ್ತಲಿಲ್ಲ. ವೆನೆಜುವೆಲಾ, ಕ್ಯೂಬಾ, ಕೊಲಂಬಿಯಾಗಳಿಂದ ಮಾತ್ರವಲ್ಲ, ಪಂಜಾಬಿನಿಂದಲೂ ಹೊರಟವರು ಮೊರೆಲೋಸ್ ಅಣೆಕಟ್ಟಿನ ಬಳಿ ಗೋಡೆ ಕೊನೆಗೊಳ್ಳುವ ಸಂದಿನಲ್ಲಿ, ಮಕ್ಕಳ ಕೈ ಹಿಡಿದುಕೊಂಡು, ನಡೆದೇ ಬಂದರು. ಬಂದವರು ಓಡಲೂ ಇಲ್ಲ, ಅಡಗಲೂ ಇಲ್ಲ. ಗಸ್ತು ಪಡೆಯ ವಾಹನ ಬರುವವರೆಗೆ ಸಾಲಾಗಿ ಕಾದು, ಬಂದ ಮೇಲೆ ತಮ್ಮನ್ನು ತಾವೇ ಒಪ್ಪಿಸಿಕೊಂಡರು. ಆ ಆಗಸ್ಟಿನಲ್ಲಿ ಅರಿಜೋನಾದ ಗವರ್ನರ್ ಡಗ್ ಡ್ಯೂಸಿ ಸಂದುಗಳನ್ನು ಮುಚ್ಚಲು ಹಡಗಿನ ಸರಕು ಕಂಟೇನರ್‌ಗಳನ್ನು ಒಂದರ ಮೇಲೊಂದು ಇರಿಸಿ, ಮೇಲೆ ಮುಳ್ಳುತಂತಿ ಸುತ್ತಿಸಿದರು. ಕೆಲವೇ ದಿನಗಳಲ್ಲಿ ಎರಡು ಕಂಟೇನರ್‌ಗಳು ಉರುಳಿಬಿದ್ದವು, ಬರುವವರು ಆ ಸಾಲು ಮುಗಿಯುವ ಕಡೆಯಿಂದ ಸುತ್ತಿಕೊಂಡು ಬಂದರು.

ನನಗೆ ಇಡೀ ವಾದದ ಗಂಟು ಇಲ್ಲಿಯೇ ಇದೆ ಎನಿಸುತ್ತದೆ. 2005ರಲ್ಲಿ ಯೂಮಾಕ್ಕೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಕೆಲಸ ಹುಡುಕಿಕೊಂಡು ಹೊರಟ ಮೆಕ್ಸಿಕೊದ ಪ್ರಾಯದ ಗಂಡಸರು. ಅಧಿಕಾರಿಯ ಕಣ್ಣಿಗೆ ಬೀಳದೆ ಕತ್ತಲಲ್ಲಿ ಒಳನುಗ್ಗಿ ಯಾವುದೋ ತೋಟದಲ್ಲೋ ಕಟ್ಟಡದ ಕೆಲಸದಲ್ಲೋ ಸೇರಿಕೊಳ್ಳುವುದು ಅವರ ಉದ್ದೇಶವಾಗಿತ್ತು. ಹಾಗೆ ಓಡುವವನನ್ನು ಗೋಡೆ ಹತ್ತು ನಿಮಿಷ ತಡೆದರೂ ಸಾಕು, ಅಷ್ಟರಲ್ಲಿ ಗಸ್ತಿನವರು ಬಂದು ಹಿಡಿಯುತ್ತಾರೆ. 2022ರಲ್ಲಿ ಬಂದವನಿಗೆ ಅಧಿಕಾರಿಯೇ ಬೇಕು. 1980ರ ನಿರಾಶ್ರಿತರ ಕಾಯಿದೆಯ ಪ್ರಕಾರ ಅಮೆರಿಕದ ನೆಲದ ಮೇಲೆ ಕಾಲಿಟ್ಟವನು, ಹೇಗೇ ಬಂದಿರಲಿ, ಆಶ್ರಯ ಕೋರಿ ಅರ್ಜಿ ಹಾಕಿಕೊಳ್ಳಬಹುದು. ಹಿಡಿಸಿಕೊಳ್ಳುವುದಕ್ಕೆಂದೇ ಬರುವವನನ್ನು ಹಿಡಿಯಲು ನೆರವಾಗುವ ಸಾಧನದಿಂದ ಏನು ಪ್ರಯೋಜನ?

ಟೆಕ್ಸಸ್‌ಗೆ ಬಂದರೆ ಈ ತೊಡಕು ಕಣ್ಣಿಗೇ ಕಾಣಿಸುತ್ತದೆ. ಸುಮಾರು 3,145 ಕಿಲೋಮೀಟರ್ ಉದ್ದದ ಗಡಿಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ರಿಯೊ ಗ್ರಾಂಡೆ ನದಿಯೇ. ನದಿಯ ನಟ್ಟನಡುವೆ ಗೋಡೆ ಕಟ್ಟಲಾಗದು, ದಡಕ್ಕೆ ತಾಗಿಸಿ ಕಟ್ಟುವುದೂ ಸುಲಭವಲ್ಲ. ಪ್ರವಾಹದ ನೀರನ್ನು ಎದುರಿನ ದೇಶದತ್ತ ತಿರುಗಿಸುವಂಥ ಯಾವ ಕಟ್ಟಡವನ್ನೂ ಕಟ್ಟಕೂಡದು ಎಂದು ಎರಡೂ ದೇಶಗಳು 1970ರಲ್ಲಿ ಒಪ್ಪಂದ ಮಾಡಿಕೊಂಡಿವೆ. ಹಾಗಾಗಿ ಗೋಡೆ ನದಿಯಿಂದ ಹಿಂದೆ ಸರಿದು, ಕೆಲವು ಕಡೆ ಒಂದು ಮೈಲಿಗೂ ಹೆಚ್ಚು ಒಳಗೆ, ಪ್ರವಾಹ ತಡೆಯುವ ಏರಿಗಳ ಮೇಲೆ ನಿಂತಿದೆ. ಗೋಡೆಗೂ ನದಿಗೂ ನಡುವೆ ಉಳಿದ ನೆಲ ಅಮೆರಿಕದ್ದೇ. ಅಲ್ಲಿ ಅಮೆರಿಕದ ಪ್ರಜೆಗಳ ಹೊಲಗಳಿವೆ, ಮನೆಗಳಿವೆ, ಬ್ರೌನ್ಸ್‌ವಿಲ್ ಬಳಿ ಸೇಬಲ್ ಪಾಮ್ ಎಂಬ ತಾಳೆಮರಗಳ ರಕ್ಷಿತ ತೋಪೇ ಇದೆ. ತಮ್ಮ ಹೊಲಕ್ಕೆ ಹೋಗಲು ರೈತರು ಉಕ್ಕಿನ ಗೇಟಿನ ಮುಂದೆ ಗಾಡಿ ನಿಲ್ಲಿಸಿ, ಕೀಪ್ಯಾಡಿನಲ್ಲಿ ಸಂಖ್ಯೆ ಒತ್ತಬೇಕು. ನದಿ ದಾಟಿದವನಾದರೋ ಗೋಡೆಯನ್ನು ಮುಟ್ಟುವ ಮೊದಲೇ ಅಮೆರಿಕ ತಲುಪಿರುತ್ತಾನೆ, ಕಾನೂನಿನ ಲೆಕ್ಕದಲ್ಲಿ ಅವನಿಗೆ ಅಷ್ಟು ಸಾಕು.

ಇಷ್ಟು ಬರೆದೆನೆಂದು ನನ್ನನ್ನು ಗಡಿಯೇ ಬೇಡ ಎನ್ನುವವರ ಸಾಲಿಗೆ ಸೇರಿಸಬೇಡಿ. ನಾನು ಗ್ರೀನ್ ಕಾರ್ಡಿನ ಸಾಲಿನಲ್ಲಿ ಎಂಟು ವರ್ಷ ನಿಂತು, ಕೊನೆಗೆ ಬೇಸತ್ತು ಮರಳಿದವನು. ಉದ್ಯೋಗದ ಆಧಾರದ ಮೇಲೆ ವರ್ಷಕ್ಕೆ 1,40,000 ಗ್ರೀನ್ ಕಾರ್ಡುಗಳು, ಅದರಲ್ಲಿ ಒಂದೊಂದು ದೇಶಕ್ಕೆ ಶೇಕಡಾ ಏಳರ ಮಿತಿ. ಆ ಲೆಕ್ಕದಲ್ಲಿ ಭಾರತೀಯರ ಸಾಲು ದಶಕಗಳಷ್ಟು ಉದ್ದ. ಅಮೆರಿಕದಲ್ಲಿ ನನ್ನ ಪರಿಚಯದವರ ಪೈಕಿ ಗೋಡೆಯನ್ನು ಅತಿ ಹೆಚ್ಚು ಬೆಂಬಲಿಸುತ್ತಿದ್ದವರು ಆ ಸಾಲಿನಲ್ಲಿ ನಿಂತವರೇ, ಅವರ ಸಿಟ್ಟು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಪ್ರತಿ ಮೂರು ವರ್ಷಕ್ಕೊಮ್ಮೆ ಕಾಗದಪತ್ರ ಹೊಂದಿಸಿ, ತಂದೆ ತೀರಿಕೊಂಡರೂ ಮರಳಿ ಬರಲು ವೀಸಾ ಮುದ್ರೆ ಸಿಗದೇ ಹೋದೀತೆಂಬ ಭಯಕ್ಕೆ ಊರಿಗೆ ಹೋಗಲು ಹಿಂದೇಟು ಹಾಕಿದವನಿಗೆ, ಸಂದಿನಲ್ಲಿ ನುಸುಳಿ ಬಂದವನಿಗೂ ಕೆಲಸದ ಪರವಾನಗಿ ಸಿಕ್ಕಿತೆಂದು ತಿಳಿದರೆ ಹೊಟ್ಟೆ ಉರಿಯದಿದ್ದೀತೇ? ಅದನ್ನು ಬರಿಯ ದ್ವೇಷವೆಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಹಾಗೆಯೇ, 2023ರ ಆರ್ಥಿಕ ವರ್ಷದಲ್ಲಿ ಅಮೆರಿಕದ ಗಡಿಗಳಲ್ಲಿ ಸಿಕ್ಕ ಭಾರತೀಯರೇ ಸುಮಾರು 97 ಸಾವಿರ ಮಂದಿ ಎಂಬುದನ್ನೂ ಆ ಗೆಳೆಯರು ಮರೆಯಬಾರದು. ನುಸುಳುವವರೆಂದರೆ ಯಾರೋ ಬೇರೆಯವರು ಎಂಬ ಭಾವನೆ 2025ರ ಫೆಬ್ರುವರಿಯಲ್ಲಿ ಅಮೆರಿಕದ ಸೇನಾ ವಿಮಾನ 104 ಮಂದಿಯನ್ನು ಹೊತ್ತು ಅಮೃತಸರದಲ್ಲಿ ಇಳಿದಾಗಲಾದರೂ ಕರಗಬೇಕಿತ್ತು.

ಪರವಾದಿಗಳ ಬಳಿ ಯೂಮಾಕ್ಕಿಂತ ಗಟ್ಟಿಯಾದ ಉದಾಹರಣೆಗಳಿವೆ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ವಲಯದಲ್ಲಿ 1992ರಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಮಂದಿ ಸಿಕ್ಕಿಬಿದ್ದಿದ್ದರು. ವಿಯೆಟ್ನಾಂ ಯುದ್ಧಕಾಲದ ವಿಮಾನ ಇಳಿದಾಣದ ಉಕ್ಕಿನ ಹಾಸುಗಳನ್ನೇ ನಿಲ್ಲಿಸಿ ಅಲ್ಲಿ ಮೊದಲ ಬೇಲಿ ಕಟ್ಟಿದರು. 1994ರಲ್ಲಿ ಗಸ್ತನ್ನು ಬಿಗಿಗೊಳಿಸುವ ಆಪರೇಷನ್ ಗೇಟ್‌ಕೀಪರ್ ಎಂಬ ಕಾರ್ಯಾಚರಣೆ ಬಂತು, ಹತ್ತು ವರ್ಷ ತುಂಬುವುದರೊಳಗೆ ಸಂಖ್ಯೆ ಒಂದು ಲಕ್ಷದ ಆಸುಪಾಸಿಗೆ ಬಂತು. ಇಸ್ರೇಲ್ ಈಜಿಪ್ಟ್ ಗಡಿಯಲ್ಲಿ ಸುಮಾರು 240 ಕಿಲೋಮೀಟರ್ ಬೇಲಿ ಕಟ್ಟಿ ಮುಗಿಸಿದ ಮೇಲೆ, ವರ್ಷಕ್ಕೆ ಸಾವಿರಾರು ಲೆಕ್ಕದಲ್ಲಿದ್ದ ಒಳನುಗ್ಗುವಿಕೆ ಬೆರಳೆಣಿಕೆಗೆ ಇಳಿಯಿತು (ಅದರ ಜೊತೆಗೇ ಕಠಿಣವಾದ ಬಂಧನದ ಕಾನೂನೂ ಬಂದಿತ್ತೆನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ). ಊರಿಗೆ ಊರು ಅಂಟಿಕೊಂಡಿರುವ ಕಡೆ, ಗಡಿ ದಾಟಿದವನು ಎರಡು ನಿಮಿಷದಲ್ಲಿ ಜನಜಂಗುಳಿಯಲ್ಲಿ ಕರಗಿಹೋಗಬಲ್ಲ ಕಡೆ, ಗೋಡೆ ಕೆಲಸ ಮಾಡುತ್ತದೆ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಸ್ಯಾನ್ ಡಿಯಾಗೊದಲ್ಲಿ ಕಡಿಮೆಯಾದವರು ಮನೆಗೆ ಮರಳಲಿಲ್ಲ. ಪಕ್ಕದ ಅರಿಜೋನಾದ ಟೂಸಾನ್ ವಲಯದಲ್ಲಿ 2000ನೇ ವರ್ಷದಲ್ಲಿ ಸಿಕ್ಕವರು ಆರು ಲಕ್ಷ ದಾಟಿದರು. ಊರುಗಳಲ್ಲಿ ದಾರಿ ಮುಚ್ಚಿದರೆ ಮರುಭೂಮಿಗೆ ಹೆದರಿ ಜನ ಹಿಂದೆ ಸರಿಯುತ್ತಾರೆ ಎಂಬುದು ಆಗಿನ ಅಧಿಕಾರಿಗಳ ಲೆಕ್ಕಾಚಾರವಾಗಿತ್ತು. ಜನ ಹೆದರಲಿಲ್ಲ, ಸತ್ತರು. ಗಡಿ ಗಸ್ತು ಪಡೆಯದೇ ಲೆಕ್ಕದಂತೆ 1998ರಿಂದೀಚೆಗೆ ಸಿಕ್ಕ ಹೆಣಗಳು ಎಂಟು ಸಾವಿರಕ್ಕೂ ಹೆಚ್ಚು.

ಗೋಡೆಯ ಎತ್ತರವೂ ತನ್ನದೇ ಲೆಕ್ಕ ಬರೆದಿದೆ. ಸ್ಯಾನ್ ಡಿಯಾಗೊದ ವಿಶ್ವವಿದ್ಯಾಲಯದ ಆಸ್ಪತ್ರೆಯ ವೈದ್ಯರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗೋಡೆಯಿಂದ ಬಿದ್ದು ದಾಖಲಾದವರು 2016ರಿಂದ 2018ರವರೆಗೆ 67 ಮಂದಿ. ಗೋಡೆ ಮೂವತ್ತು ಅಡಿಗೆ ಏರಿದ ಮೇಲಿನ ಮೂರು ವರ್ಷಗಳಲ್ಲಿ 375. ಮೊದಲಿನ ಅವಧಿಯಲ್ಲಿ ಒಬ್ಬರೂ ಸತ್ತಿರಲಿಲ್ಲ, ನಂತರದ ಅವಧಿಯಲ್ಲಿ 16 ಮಂದಿ ಸತ್ತರು. ನಾನು ಒಂದು ವಾರಾಂತ್ಯ ಅಲ್ಲಿಗೆ ಹೋಗಿದ್ದೆ. ಪೆಸಿಫಿಕ್ ಸಾಗರದೊಳಗೆ ಇಳಿದುಹೋಗುವ ಆ ತುಕ್ಕು ಹಿಡಿದ ಕಂಬಗಳ ಸಾಲನ್ನು ದೂರದಿಂದ ನೋಡುವಾಗ, ಇಷ್ಟೆತ್ತರದಿಂದ ಜಿಗಿಯುವ ನಿರ್ಧಾರ ಮಾಡಿದವನಿಗೆ ಇನ್ನೂ ಐದಡಿ ಸೇರಿಸಿದರೆ ಏನು ವ್ಯತ್ಯಾಸವಾದೀತು ಎಂಬ ಯೋಚನೆಯೇ ಬರುತ್ತಿತ್ತು.

ಪ್ರಿನ್ಸ್‌ಟನ್‌ನ ಸಮಾಜಶಾಸ್ತ್ರಜ್ಞ ಡಗ್ಲಸ್ ಮ್ಯಾಸಿ ಅವರು ವರ್ಷಗಳಿಂದ ಹೇಳುತ್ತಾ ಬಂದಿರುವ ಒಂದು ಮಾತು ಈ ಚರ್ಚೆಯಲ್ಲಿ ಏಕೋ ಮುಂದೆ ಬರುವುದೇ ಇಲ್ಲ. ಮೆಕ್ಸಿಕೊದಿಂದ ಬರುತ್ತಿದ್ದ ಕೂಲಿಯವರಲ್ಲಿ ಬಹಳ ಜನ ಹಿಂದೆ ಸುಗ್ಗಿಯ ಕಾಲಕ್ಕೆ ಬಂದು, ದುಡಿದು, ಹಣ ಕಟ್ಟಿಕೊಂಡು ಮನೆಗೆ ಮರಳುತ್ತಿದ್ದರು. 1942ರಿಂದ 1964ರವರೆಗೆ ಬ್ರಸೇರೊ ಯೋಜನೆಯಡಿ ಇದು ಕಾನೂನುಬದ್ಧವಾಗಿಯೇ ನಡೆಯುತ್ತಿತ್ತು, ಯೋಜನೆ ನಿಂತ ಮೇಲೂ ಕದ್ದುಮುಚ್ಚಿ ನಡೆಯಿತು. ಗಡಿ ಬಿಗಿಯಾದಂತೆ ದಾಟಿಸುವ ದಲ್ಲಾಳಿಯ ದರ ಏರಿತು, ಪ್ರಾಣಾಪಾಯ ಏರಿತು. ಒಮ್ಮೆ ದಾಟಿದವನು ಮತ್ತೆ ದಾಟುವ ಕಷ್ಟಕ್ಕೆ ಅಂಜಿ ಅಲ್ಲಿಯೇ ನಿಂತ, ಹೆಂಡತಿ ಮಕ್ಕಳನ್ನೂ ಕರೆಸಿಕೊಂಡ. 1990ರಲ್ಲಿ ಸುಮಾರು 35 ಲಕ್ಷವಿದ್ದ ದಾಖಲೆಯಿಲ್ಲದ ವಲಸಿಗರು 2007ರಲ್ಲಿ 122 ಲಕ್ಷವಾಗಲು ಇದೊಂದೇ ಕಾರಣವೆಂದು ನಾನು ಹೇಳಲಾರೆ. ಆದರೆ ಒಳಬರುವವನನ್ನು ತಡೆಯಲು ಹಾಕಿದ ಅಗುಳಿ ಹೊರಹೋಗುವವನನ್ನೂ ತಡೆಯಿತು ಎಂಬ ಅವರ ವಿವರಣೆಯನ್ನು ಅಲ್ಲಗಳೆಯುವ ವಾದ ನನಗೆ ಕಂಡಿಲ್ಲ.

ಉಳಿದ ವಾದಗಳನ್ನು ನಾನು ಹೆಚ್ಚು ಬೆಳೆಸುವುದಿಲ್ಲ. ಫೆಂಟನಿಲ್‌ನಂಥ ಮಾದಕ ವಸ್ತು ಬಹುಪಾಲು ಬರುವುದು ಅಧಿಕೃತ ಪ್ರವೇಶದ್ವಾರಗಳಲ್ಲಿ, ವಾಹನಗಳ ಒಡಲಲ್ಲಿ ಅಡಗಿ. ವಿಮಾನದಲ್ಲಿ ವೀಸಾ ಹಿಡಿದು ಬಂದು ಅವಧಿ ಮುಗಿದರೂ ಹೋಗದವರು ದಾಖಲೆಯಿಲ್ಲದವರಲ್ಲಿ ದೊಡ್ಡ ಪಾಲು, ಅವರು ಗೋಡೆಯನ್ನು ಕಂಡಿರುವುದೇ ಟಿ.ವಿ.ಯಲ್ಲಿ. ಸ್ಯಾನ್ ಡಿಯಾಗೊ ಬಳಿ ಪತ್ತೆಯಾಗಿ 2020ರಲ್ಲಿ ಅಧಿಕಾರಿಗಳು ಬಹಿರಂಗಪಡಿಸಿದ ಸುರಂಗ ಸುಮಾರು 1,300 ಮೀಟರ್ ಉದ್ದವಿತ್ತು. ಅದರೊಳಗೆ ಹಳಿಯೂ ಗಾಳಿಯ ವ್ಯವಸ್ಥೆಯೂ ಲಿಫ್ಟೂ ಇದ್ದವು. ಗೋಡೆಯ ಖರ್ಚನ್ನು ಮೆಕ್ಸಿಕೊ ಕೊಡುತ್ತದೆ ಎಂಬ ಟ್ರಂಪ್ ಅವರ 2015ರ ಮಾತನ್ನು ಈಗ ನೆನಪಿಸುವವರೂ ಇಲ್ಲ.

ಹಣದ ಬಗ್ಗೆ ಮಾತ್ರ ಒಂದು ಮಾತು ಹೇಳಲೇಬೇಕು. ಟ್ರಂಪ್ ಅವರ ಮೊದಲ ಅವಧಿಯಲ್ಲಿ ಸುಮಾರು 1,500 ಕೋಟಿ ಡಾಲರ್ ಮೀಸಲಿಟ್ಟು 737 ಕಿಲೋಮೀಟರಿನಷ್ಟು ಗೋಡೆ ಕಟ್ಟಿದರು, ಅದರಲ್ಲಿ ಹೆಚ್ಚಿನದು ಹಳೆಯ ಬೇಲಿಯ ಜಾಗದಲ್ಲೇ. 2025ರ ಜುಲೈನಲ್ಲಿ ಅಂಗೀಕಾರವಾದ ಕಾಯಿದೆ ಗೋಡೆಗೆ 4,650 ಕೋಟಿ ಡಾಲರ್ ಕೊಟ್ಟಿದೆ. ವಲಸೆ ನ್ಯಾಯಾಲಯಗಳಲ್ಲಿ 30 ಲಕ್ಷಕ್ಕೂ ಹೆಚ್ಚು ಪ್ರಕರಣಗಳು ಕೊಳೆಯುತ್ತಿವೆ. ಆಶ್ರಯದ ಅರ್ಜಿ ಸುಳ್ಳೆಂದು ತೀರ್ಮಾನವಾಗಲು ವರ್ಷಗಟ್ಟಲೆ ಹಿಡಿಯುತ್ತದೆ ಎಂಬುದೇ ಸುಳ್ಳು ಅರ್ಜಿ ಹಾಕಲು ಇರುವ ಬಹು ದೊಡ್ಡ ಆಮಿಷ, ಏಕೆಂದರೆ ಆ ವರ್ಷಗಳಲ್ಲಿ ಕೆಲಸ ಮಾಡಿಕೊಂಡು ಇರಬಹುದು. ಆರು ತಿಂಗಳಲ್ಲಿ ತೀರ್ಪು ಬರುವಂತಾದರೆ ನಿಜವಾದ ನಿರಾಶ್ರಿತನಿಗೂ ನೆಮ್ಮದಿ, ನೆಪದವನಿಗೂ ಬರುವ ಉಮೇದು ಇರುವುದಿಲ್ಲ. ಗೋಡೆಗೆ ಇಷ್ಟು ಹಣ ಕೊಟ್ಟ ಅದೇ ಕಾಯಿದೆ ವಲಸೆ ನ್ಯಾಯಾಧೀಶರ ಸಂಖ್ಯೆ 2028ರ ನವೆಂಬರಿನಿಂದ 800 ಮೀರಬಾರದೆಂದು ಮಿತಿ ಹಾಕಿದೆ. ಅಕ್ರಮ ವಲಸೆ ನಿಲ್ಲಿಸುವುದೇ ಗುರಿಯಾಗಿದ್ದರೆ ಈ ಮಿತಿಯನ್ನು ಸಮರ್ಥಿಸುವುದು ಹೇಗೆಂದು ನನಗಂತೂ ತಿಳಿಯದು.

ಇತ್ತೀಚಿನ ಪರಿಸ್ಥಿತಿಯನ್ನೇ ನೋಡಿ. 2023ರ ಡಿಸೆಂಬರಿನಲ್ಲಿ ದಕ್ಷಿಣ ಗಡಿಯಲ್ಲಿ ಗಸ್ತು ಪಡೆಯವರಿಗೆ ಸಿಕ್ಕವರು ಸುಮಾರು ಎರಡೂವರೆ ಲಕ್ಷ. ಮೆಕ್ಸಿಕೊ ತನ್ನ ನೆಲದಲ್ಲಿಯೇ ಜನರನ್ನು ತಡೆಯತೊಡಗಿತು, 2024ರ ಜೂನಿನಲ್ಲಿ ಬೈಡನ್ ಸರ್ಕಾರ ಆಶ್ರಯ ಕೋರುವುದಕ್ಕೆ ಕಟ್ಟುನಿಟ್ಟಿನ ಮಿತಿ ಹಾಕಿತು. ಅದೇ ವರ್ಷದ ಡಿಸೆಂಬರಿಗೆ ಸಂಖ್ಯೆ 47 ಸಾವಿರದ ಆಸುಪಾಸಿಗೆ ಬಂತು. ಟ್ರಂಪ್ ಮರಳಿ ಬಂದ ದಿನವೇ ಗಡಿಯಲ್ಲಿ ಆಶ್ರಯದ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿದರು, 2025ರ ಮಾರ್ಚಿನಲ್ಲಿ ಸಿಕ್ಕವರು ಏಳು ಸಾವಿರದಷ್ಟು. ಆ ಬಾಗಿಲು ಮುಚ್ಚಿದ್ದು ನ್ಯಾಯವೇ ಎಂಬುದು ಬೇರೆಯೇ ಪ್ರಶ್ನೆ, ನನ್ನ ಮಟ್ಟಿಗೆ ನ್ಯಾಯವಲ್ಲ. ಆದರೆ ಸಂಖ್ಯೆ ಎರಡೂವರೆ ಲಕ್ಷದಿಂದ ಏಳು ಸಾವಿರಕ್ಕೆ ಇಳಿದ ಈ ಹದಿನೈದು ತಿಂಗಳಲ್ಲಿ ಗೋಡೆ ಹೇಳಿಕೊಳ್ಳುವಷ್ಟೇನೂ ಬೆಳೆದಿರಲಿಲ್ಲ. ಹೊಸ ಗೋಡೆಯ ಹಣಕ್ಕೆ ಸಹಿ ಬಿದ್ದದ್ದೇ ಆ ನಂತರ. 2025ರ ಆಗಸ್ಟಿನಲ್ಲಿ, ಗಡಿ ದಾಟುವವರ ಸಂಖ್ಯೆ ದಶಕಗಳಲ್ಲೇ ಅತಿ ಕಡಿಮೆಯಿದ್ದ ಹೊತ್ತಿನಲ್ಲಿ, ಇಡೀ ಗೋಡೆಗೆ ಕಪ್ಪು ಬಣ್ಣ ಬಳಿಯುವುದಾಗಿ ಸರ್ಕಾರ ಘೋಷಿಸಿತು. ಬಿಸಿಲಿಗೆ ಕಾದ ಕಬ್ಬಿಣ ಹತ್ತುವವರ ಕೈ ಸುಡುತ್ತದೆಯಂತೆ.